ಸಿದ್ಧವಾಗುವ ಮೊದಲೇ ಊದಿದ ವಿಸಿಲ್

2021ರ ಸೆಪ್ಟೆಂಬರ್ 30ರಂದು ಕೊನಾಮಿ ಕಂಪನಿಯ ಫುಟ್‌ಬಾಲ್ ವಿಡಿಯೋ ಗೇಮ್ ಇ-ಫುಟ್‌ಬಾಲ್ 2022 ಬಿಡುಗಡೆಯಾಯಿತು. ಸ್ವಲ್ಪ ಹೊತ್ತಿನಲ್ಲೇ, ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಅತಿ ಕೆಟ್ಟ ರೇಟಿಂಗ್ ಇರುವ ಗೇಮ್ ಎಂಬ ಹೆಸರು ಅದಕ್ಕೆ ಬಂತು. ಆರಂಭದ ದಿನಗಳಲ್ಲಿ ಅಲ್ಲಿ ಬಂದ ವಿಮರ್ಶೆಗಳಲ್ಲಿ ನೂರಕ್ಕೆ ಹತ್ತು ಕೂಡ ಒಳ್ಳೆಯ ಮಾತು ಆಡಿರಲಿಲ್ಲ. ಅದೂ ದುಡ್ಡಿಲ್ಲದೆ ಸಿಗುವ ಗೇಮ್. ಪುಕ್ಕಟೆ ಸಿಕ್ಕಿದ್ದರ ಮೇಲೆ ಯಾಕಿಷ್ಟು ಸಿಟ್ಟು? ಇಷ್ಟ ಆಗದಿದ್ದರೆ ಅಳಿಸಿ ಹಾಕಿದರಾಯಿತು, ಅಲ್ವಾ?

ಈ ಪ್ರಶ್ನೆ ಕೇಳಿದವರು ಬಹಳ ಜನ. ಕೇಳಿದವರ ತಪ್ಪಲ್ಲ. ಹೊರಗಿನಿಂದ ನೋಡಿದರೆ ಅದೊಂದು ಕೆಟ್ಟ ಬಿಡುಗಡೆ, ಅಷ್ಟೇ. ಒಳಗಿದ್ದ ನಮಗೆ, ಅಂದರೆ ವರ್ಷಗಳಿಂದ ಈ ಸರಣಿಯ ಗೇಮ್ ಆಡುತ್ತಾ ಬಂದವರಿಗೆ, ಅದು ಬೇರೆ. ನಾವು ಅಂದು ಸಿಟ್ಟಾಗಿದ್ದು ಹೊಸದಾಗಿ ಸಿಕ್ಕಿದ್ದರ ಮೇಲಲ್ಲ. ಕೈತಪ್ಪಿ ಹೋದದ್ದೇನು ಅಂತ ಆ ದಿನ ಗೊತ್ತಾಯಿತು, ಅದಕ್ಕೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಕೊನಾಮಿಯ ಈ ಸರಣಿ 1995ರಲ್ಲಿ ಜಪಾನಿನಲ್ಲಿ ವಿನ್ನಿಂಗ್ ಇಲೆವೆನ್ ಎಂಬ ಹೆಸರಿನಲ್ಲಿ ಹುಟ್ಟಿತು. 2001ರಿಂದ ಯುರೋಪಿನಲ್ಲಿ ಪ್ರೊ ಎವಲ್ಯೂಷನ್ ಸಾಕರ್ ಆಯಿತು. ನಮ್ಮ ಬಾಯಲ್ಲಿ ಪೆಸ್. ಅದರ ಹಿಂದಿದ್ದ ಮುಖ್ಯ ವ್ಯಕ್ತಿ ಶಿಂಗೊ ತಕತ್ಸುಕ. ಅಭಿಮಾನಿಗಳು ಅವರನ್ನು ಸೀಬ್ಯಾಸ್ ಎಂದೇ ಕರೆಯುತ್ತಿದ್ದರು. ಪ್ಲೇಸ್ಟೇಷನ್ 2 ಕಾಲದ ಪೆಸ್ 5, ಪೆಸ್ 6 ಆಡಿದವರನ್ನು ಕೇಳಿ ನೋಡಿ, ಇವತ್ತಿಗೂ ಅವರು ಗ್ರಾಫಿಕ್ಸ್ ಬಗ್ಗೆ ಮಾತಾಡುವುದಿಲ್ಲ. ಚೆಂಡಿನ ಬಗ್ಗೆ ಮಾತಾಡುತ್ತಾರೆ. ಚೆಂಡು ಆಟಗಾರನ ಕಾಲಿಗೆ ಅಂಟಿಕೊಂಡಿರುತ್ತಿರಲಿಲ್ಲ. ಅದಕ್ಕೆ ಅದರದೇ ತೂಕ ಇತ್ತು. ಪಾಸ್ ಕೊಡುವವನ ಮೈ ಯಾವ ಕಡೆ ತಿರುಗಿದೆ, ಅವನು ಎಡಗಾಲಿನವನೋ ಬಲಗಾಲಿನವನೋ, ಎದುರಾಳಿ ಎಷ್ಟು ಹತ್ತಿರ ಬಂದು ಒತ್ತುತ್ತಿದ್ದಾನೆ, ಇವೆಲ್ಲ ಆ ಪಾಸಿನಲ್ಲಿ ಕಾಣುತ್ತಿದ್ದವು. ಬೆನ್ನು ಹಾಕಿ ನಿಂತವನಿಂದ ಉದ್ದನೆಯ ಪಾಸ್ ಕೊಡಿಸಿದರೆ ಚೆಂಡು ಎಲ್ಲೋ ಹೋಗುತ್ತಿತ್ತು. ಹೋಗಲೇಬೇಕಿತ್ತು. ಹಾಗೆ ಹೋದಾಗ ನಮಗೆ ಗೇಮ್ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಮುಂದಿನ ಸಲ ಮೊದಲು ತಿರುಗಿ ಆಮೇಲೆ ಕೊಡೋಣ ಅನ್ನಿಸುತ್ತಿತ್ತು.

ಪೆಸ್ 6ರಲ್ಲಿ ಬ್ರೆಜಿಲ್‌ನ ಅಡ್ರಿಯಾನೊ ಇದ್ದ. ಶಾಟ್ ಪವರ್ 99. ಎಡಗಾಲಿಗೆ ಚೆಂಡು ಸಿಕ್ಕಿತು ಅಂದರೆ ಎದುರಿಗಿದ್ದವನು ಕೂತಲ್ಲೇ ಮುಂದಕ್ಕೆ ಬಗ್ಗುತ್ತಿದ್ದ. ಆಡಿದ ಎಲ್ಲರಿಗೂ ಅಡ್ರಿಯಾನೊ ಕತೆ ಒಂದು ಇರುತ್ತದೆ. ಒಬ್ಬ ಆಟಗಾರ ಇನ್ನೊಬ್ಬನಿಗಿಂತ ಬೇರೆ ಎಂದು ನಂಬರ್ ನೋಡಿ ಅಲ್ಲ, ಕೈಯಲ್ಲಿ ಆಡಿಸಿಯೇ ಗೊತ್ತಾಗುತ್ತಿತ್ತು.

ಲೈಸೆನ್ಸ್ ವಿಷಯದಲ್ಲಿ ಮಾತ್ರ ಈ ಸರಣಿ ಯಾವತ್ತೂ ಬಡವ. ಹೆಚ್ಚಿನ ಲೀಗ್, ಕ್ಲಬ್‌ಗಳ ಹಕ್ಕು ಎದುರಿನ ಫಿಫಾ ಗೇಮ್ ಮಾಡುತ್ತಿದ್ದ ಇಎ ಕಂಪನಿಯ ಬಳಿ ಇತ್ತು. ಹಾಗಾಗಿ ಪೆಸ್‌ನಲ್ಲಿ ಲಿವರ್‌ಪೂಲ್ ಎಂದರೆ ಮರ್ಸಿಸೈಡ್ ರೆಡ್. ಚೆಲ್ಸಿ ಎಂದರೆ ಲಂಡನ್ ಎಫ್‌ಸಿ. ಜೆರ್ಸಿಯ ಬಣ್ಣ ಸರಿ ಇರುತ್ತಿತ್ತು, ಲಾಂಛನ ಇರುತ್ತಿರಲಿಲ್ಲ. ಇದನ್ನು ಸರಿ ಮಾಡಿದವರು ಅಭಿಮಾನಿಗಳು. ನಿಜವಾದ ಹೆಸರು, ಜೆರ್ಸಿ, ಲಾಂಛನ ಎಲ್ಲವನ್ನೂ ಒಂದೊಂದಾಗಿ ಕೂತು ತುಂಬಿ ಆಪ್ಷನ್ ಫೈಲ್ ಮಾಡಿ ಹಂಚುತ್ತಿದ್ದರು. ಕೈಯಿಂದ ದುಡ್ಡು ಹಾಕಿ ಗೇಮ್ ಕೊಂಡು, ಅದರಲ್ಲಿ ಕಡಿಮೆ ಇದ್ದುದನ್ನು ರಾತ್ರಿಯೆಲ್ಲ ಕೂತು ತುಂಬಿ, ಗುರುತೇ ಇಲ್ಲದವರಿಗೆ ಸುಮ್ನೆ ಕೊಟ್ಟುಬಿಡುತ್ತಿದ್ದರು. ಯಾವ ಕಂಪನಿಗೆ ಇಂಥ ಗ್ರಾಹಕರು ಸಿಗುತ್ತಾರೆ ಹೇಳಿ? ಸೆಪ್ಟೆಂಬರ್ 30ರ ಸಿಟ್ಟನ್ನು ಅಳೆಯುವಾಗ ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ನಾವು ಆ ಗೇಮಿನ ಗಿರಾಕಿಗಳು ಮಾತ್ರ ಆಗಿರಲಿಲ್ಲ.

ಇನ್ನೊಂದು ಇತ್ತು, ಮಾಸ್ಟರ್ ಲೀಗ್. ಒಬ್ಬರೇ ಕೂತು ಆಡುವ ಮೋಡ್. ಶುರುವಿಗೆ ಕೊಡುತ್ತಿದ್ದದ್ದು ಹೆಸರು ಕೇಳಿಲ್ಲದ, ಕಂಪನಿಯೇ ಹುಟ್ಟಿಸಿದ ಆಟಗಾರರ ತಂಡ. ಗೋಲಿನಲ್ಲಿ ಇವಾರೊವ್. ಮಧ್ಯದಲ್ಲಿ ಮಿನಾಂಡ, ಎಸ್ಪಿಮಾಸ್, ಶಿಮೆಲೆಸ್. ಮುಂದೆ ಕಾಸ್ಟೊಲೊ. ಇವರಲ್ಲಿ ಯಾರೂ ಭೂಮಿಯ ಮೇಲೆ ಹುಟ್ಟಿಲ್ಲ. ಆದರೂ ಲಕ್ಷಾಂತರ ಜನಕ್ಕೆ ಇವರು ಗೊತ್ತು. ನಿಧಾನಕ್ಕೆ ಓಡುವ, ಬೇಗ ಸುಸ್ತಾಗುವ ಈ ತಂಡವನ್ನು ಕಟ್ಟಿಕೊಂಡು ಎರಡನೇ ಡಿವಿಷನ್‌ನಿಂದ ಮೇಲೆ ಬರಬೇಕು. ಪಾಯಿಂಟ್ ಕೂಡಿಸಿ ಒಬ್ಬೊಬ್ಬರನ್ನೇ ಕೊಳ್ಳಬೇಕು. ಎಲ್ಲರೂ ಬದಲಾದ ಮೇಲೂ ಕಾಸ್ಟೊಲೊನನ್ನು ಮಾರಲು ಮನಸ್ಸು ಬರುತ್ತಿರಲಿಲ್ಲ. ಇದಕ್ಕೆ ಇಂಟರ್‌ನೆಟ್ ಬೇಕಿರಲಿಲ್ಲ. ಎದುರಿಗೆ ಇನ್ನೊಬ್ಬ ಬೇಕಿರಲಿಲ್ಲ. ಆ ಲೀಗ್ ನಮ್ಮ ಮೆಮೊರಿ ಕಾರ್ಡಿನಲ್ಲಿತ್ತು. ನಮ್ಮದೇ ಆಗಿತ್ತು.

ಆಮೇಲೆ ಇಳಿತ ಶುರುವಾಯಿತು. ಪ್ಲೇಸ್ಟೇಷನ್ 3ರ ಮೇಲೆ ಬಂದ ಪೆಸ್ 2008 ಆಡುವಾಗಲೇ ತಡವರಿಸುತ್ತಿತ್ತು. ಅದೇ ಹೊತ್ತಿಗೆ ಫಿಫಾ ಮುಂದೆ ಹೋಯಿತು. 2013ರಲ್ಲಿ ಕೊನಾಮಿ ಹೊಸ ಫಾಕ್ಸ್ ಎಂಜಿನ್ ಮೇಲೆ ಪೆಸ್ 2014 ತಂದಿತು. ಎಂಜಿನ್ ಅಂದರೆ ಗೇಮ್ ಕಟ್ಟುವ ಮೂಲ ಸಾಫ್ಟ್‌ವೇರ್. ಚೆಂಡು ಚೆನ್ನಾಗಿತ್ತು, ಆದರೆ ಆ ಗೇಮಿನಲ್ಲಿ ಮಳೆ ಕೂಡ ಇರಲಿಲ್ಲ. ಹಳೆಯ ಎಂಜಿನ್‌ನಲ್ಲಿ ವರ್ಷಗಳಿಂದ ಸೇರುತ್ತಾ ಬಂದದ್ದನ್ನೆಲ್ಲ ಹೊಸದಕ್ಕೆ ಒಂದೇ ಸಲಕ್ಕೆ ಸಾಗಿಸಲು ಆಗುವುದಿಲ್ಲ. ಮುಂದಿನ ಒಂದೆರಡು ವರ್ಷದಲ್ಲಿ ಪೆಸ್ ಸುಧಾರಿಸಿತು. ಪೆಸ್ 2016, 2017 ಮೈದಾನದ ಮೇಲೆ ನಿಜಕ್ಕೂ ಒಳ್ಳೆಯ ಫುಟ್‌ಬಾಲ್ ಆಡಿಸಿದವು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಎಂಜಿನ್ ಬದಲಿಸಿದ ಮೊದಲ ವರ್ಷ ಏನಾಗುತ್ತದೆ ಅನ್ನುವುದು ಕೊನಾಮಿಗೆ ಗೊತ್ತಿರದ ವಿಷಯ ಆಗಿರಲಿಲ್ಲ.

2018ರಲ್ಲಿ ಚಾಂಪಿಯನ್ಸ್ ಲೀಗ್ ಹಕ್ಕು ಕೈತಪ್ಪಿತು. ಹತ್ತು ವರ್ಷ ಪೆಸ್ ಜೊತೆ ಇದ್ದ ಪಂದ್ಯಾವಳಿ ಅದು. 2019ರಲ್ಲಿ ಹೆಸರಿನ ಮುಂದೆ ಇ-ಫುಟ್‌ಬಾಲ್ ಸೇರಿತು. 2020ರಲ್ಲಿ ಹೊಸ ಗೇಮ್ ಬರಲಿಲ್ಲ. ಸರಣಿಗೆ 25 ವರ್ಷ ತುಂಬಿದ ವರ್ಷ ಅದು. ಹಿಂದಿನ ಗೇಮಿಗೇ ಆಟಗಾರರ ಪಟ್ಟಿ ಬದಲಿಸಿ, ಸೀಸನ್ ಅಪ್‌ಡೇಟ್ ಎಂದು ಕರೆದು, ಕಡಿಮೆ ಬೆಲೆಗೆ ಕೊಟ್ಟರು. ಮುಂದಿನ ವರ್ಷದ ಹೊಸ ಗೇಮ್ ಮೇಲೆ ಪೂರ್ತಿ ಗಮನ ಕೊಡುತ್ತಿದ್ದೇವೆ, ಅದು ಅನ್‌ರಿಯಲ್ ಎಂಜಿನ್ ಮೇಲೆ ಬರುತ್ತದೆ ಎಂದರು. ನಾವು ಒಪ್ಪಿಕೊಂಡೆವು. ಪ್ರಾಮಾಣಿಕವಾದ ಮಾತು ಅನ್ನಿಸಿತು. ಎರಡು ವರ್ಷದ ಸಮಯ ತಗೊಂಡು ಮಾಡಲಿ ಎಂದು ಕಾದೆವು. ಆ ಕಾಯುವಿಕೆ ಸಂತೋಷದ್ದೇ ಆಗಿತ್ತು.

2021ರ ಜೂನ್ ಕೊನೆಯಲ್ಲಿ ಒಂದು ಆನ್‌ಲೈನ್ ಟೆಸ್ಟ್ ಬಿಟ್ಟರು. ಹೊಸ ಫುಟ್‌ಬಾಲ್ ಗೇಮ್ ಅಂತ ಮಾತ್ರ ಹೆಸರು. ಸರ್ವರ್, ನೆಟ್‌ವರ್ಕ್ ಹೇಗೆ ತಡೆದುಕೊಳ್ಳುತ್ತದೆ ಎಂದು ನೋಡುವುದಕ್ಕೆ ಮಾತ್ರ ಇದು ಎಂದು ಹೇಳಿದ್ದರು. ಆಡಿದವರಿಗೆ ಸಮಾಧಾನ ಆಗಲಿಲ್ಲ. ಇದು ಬರೀ ಟೆಸ್ಟ್, ನಿಜವಾದ ಗೇಮ್ ಬೇರೆ ಇರುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಜುಲೈ 21ಕ್ಕೆ ಅಧಿಕೃತ ಘೋಷಣೆ ಬಂತು. ಪೆಸ್ ಎಂಬ ಹೆಸರು ಇನ್ನಿಲ್ಲ. ಇನ್ನು ಬರೀ ಇ-ಫುಟ್‌ಬಾಲ್. ದುಡ್ಡಿಲ್ಲ. ವರ್ಷಕ್ಕೊಂದು ಹೊಸ ಡಿಸ್ಕ್ ಇಲ್ಲ, ಒಂದೇ ಗೇಮ್ ಬದಲಾಗುತ್ತಾ ಹೋಗುತ್ತದೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಪಿಸಿ, ಮೊಬೈಲ್ ಎಲ್ಲವೂ ಒಂದೇ ನೆಲೆಯ ಮೇಲೆ. ಮುಂದೊಂದು ದಿನ ಮೊಬೈಲ್‌ನಲ್ಲಿ ಆಡುವವನೂ ಕನ್ಸೋಲ್‌ನಲ್ಲಿ ಆಡುವವನೂ ಎದುರುಬದುರಾಗಬಹುದು. ಮೆಸ್ಸಿ, ನೇಮರ್ ರಾಯಭಾರಿಗಳು. ಆಟದ ರೀತಿಗೆ ಇನಿಯೆಸ್ತ, ಪಿಕೆ ಸಲಹೆ. ಋತುವಿಗೆ ಒಂದೊಂದು ಹೊಸ ಅಂಶ ಸೇರುವ ರೋಡ್‌ಮ್ಯಾಪ್ ಕೂಡ ತೋರಿಸಿದರು.

ಆ ರೋಡ್‌ಮ್ಯಾಪ್ ಅನ್ನು ಈಗ ಮತ್ತೆ ನೋಡಿದರೆ ಎಲ್ಲವೂ ಅಲ್ಲೇ ಇದೆ. ಮೊದಲ ದಿನ ಏನು ಸಿಗುತ್ತದೆ ಅನ್ನುವ ಕಡೆ ಕೆಲವು ಪಂದ್ಯಗಳು, ಕೆಲವು ತಂಡಗಳು ಅಷ್ಟೇ. ಉಳಿದದ್ದೆಲ್ಲ ಮುಂದೆ.

ಸೆಪ್ಟೆಂಬರ್ 30ಕ್ಕೆ ಬಂದದ್ದು 0.9.0 ಆವೃತ್ತಿ. ಒಂದಕ್ಕಿಂತ ಕಡಿಮೆ. ಆಡಲು ಒಂಬತ್ತು ಕ್ಲಬ್: ಬಾರ್ಸಿಲೋನ, ಬಯರ್ನ್ ಮ್ಯೂನಿಕ್, ಯುವೆಂಟಸ್, ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್, ಕೊರಿಂಥಿಯನ್ಸ್, ಫ್ಲಮೆಂಗೊ, ಸಾವ್ ಪಾವ್ಲೊ, ರಿವರ್ ಪ್ಲೇಟ್. ಮಾಸ್ಟರ್ ಲೀಗ್ ಇಲ್ಲ. ತಂಡ ಕಟ್ಟುವ ಮೋಡ್ ಇಲ್ಲ. ಆಪ್ಷನ್ ಫೈಲ್ ಹಾಕಲು ಎಡಿಟ್ ಇಲ್ಲ. ಅಂದರೆ ಇಪ್ಪತ್ತು ವರ್ಷ ನಾವು ಏನೇನು ಮಾಡುತ್ತಾ ಬಂದೆವೋ ಅವುಗಳಲ್ಲಿ ಒಂದಕ್ಕೂ ಜಾಗ ಇಲ್ಲ.

ಜಗತ್ತು ನೋಡಿದ್ದು ಮುಖಗಳನ್ನು. ರೊನಾಲ್ಡೊ, ಮೆಸ್ಸಿ ಗುರುತೇ ಸಿಗದ ಹಾಗೆ ಬಾಯಿ ಸೊಟ್ಟ ಮಾಡಿಕೊಂಡ ಚಿತ್ರಗಳು ಎಲ್ಲ ಕಡೆ ಹರಿದಾಡಿದವು. ಕೈ ಕಾಲು ತಿರುಚಿಕೊಂಡವು, ಒಬ್ಬರ ಮೈಯೊಳಗೆ ಒಬ್ಬರು ಹೊಕ್ಕರು, ಗ್ಯಾಲರಿಯ ಜನ ಕತ್ತರಿಸಿ ಅಂಟಿಸಿದಂತೆ ಇದ್ದರು. ಜನ ನಕ್ಕರು. ನನಗೆ ನಗು ಬರಲಿಲ್ಲ. ಆದರೆ ಮುಖದ ಬಗ್ಗೆ ಹೆಚ್ಚು ಹೇಳುವುದಕ್ಕೂ ಇಲ್ಲ. ಮುಖ ಸರಿ ಮಾಡಬಹುದು, ಮಾಡಿದರು.

ನಿಜವಾದ ನೋವು ಪಾಸ್‌ನಲ್ಲಿತ್ತು.

ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ನಕ್ಕವರು ಇದನ್ನು ನೋಡಲೇ ಇಲ್ಲ. ಫುಟ್‌ಬಾಲ್ ಗೇಮಿನಲ್ಲಿ ನಾವು ಅತಿ ಹೆಚ್ಚು ಸಲ ಒತ್ತುವ ಬಟನ್ ನೆಲದ ಮೇಲಿನ ಪಾಸ್‌ದು. ಗೋಲ್ ಒಂದೋ ಎರಡೋ, ಪಾಸ್ ನೂರಕ್ಕಿಂತ ಜಾಸ್ತಿ. ಆ ಒಂದು ಕ್ರಿಯೆಯಲ್ಲಿ ವೇಗ ಸರಿ ಇಲ್ಲದಿದ್ದರೆ ಉಳಿದದ್ದೆಲ್ಲ ಕುಸಿಯುತ್ತದೆ. ಚೆಂಡು ನಿಧಾನಕ್ಕೆ ಉರುಳಿದರೆ ಡಿಫೆಂಡರ್‌ಗೆ ಓಡಿ ಬರಲು ಸಮಯ ಸಿಗುತ್ತದೆ. ಆಗ ಚಿಕ್ಕ ಚಿಕ್ಕ ಪಾಸ್‌ಗಳಿಂದ ದಾಳಿ ಕಟ್ಟುವುದರಲ್ಲಿ ಅರ್ಥ ಉಳಿಯುವುದಿಲ್ಲ. ಮಿಡ್‌ಫೀಲ್ಡರ್ ಬೇಕಾಗುವುದೇ ಇಲ್ಲ. ಎಲ್ಲರೂ ವೇಗದ ಫಾರ್ವರ್ಡ್‌ಗೆ ಎತ್ತಿ ಹೊಡೆಯಲು ಶುರು ಮಾಡುತ್ತಾರೆ. ಬಿಡುಗಡೆಯ ಇ-ಫುಟ್‌ಬಾಲ್‌ನಲ್ಲಿ ಪಾಸ್ ನಿಧಾನ, ಆಟಗಾರನ ಪ್ರತಿಕ್ರಿಯೆ ನಿಧಾನ, ಡಿಫೆನ್ಸ್ ಮಾಡುವ ಬಟನ್‌ಗಳ ರೀತಿ ಬದಲಾಗಿತ್ತು. ಹಿಂದೆ ಒಂದು ಬಟನ್ ಹಿಡಿದರೆ ನಮ್ಮ ಡಿಫೆಂಡರ್ ಚೆಂಡಿನ ಕಡೆ ಒತ್ತುತ್ತಿದ್ದ, ಇನ್ನೊಂದು ಹಿಡಿದರೆ ಜೊತೆಯವನೂ ಬಂದು ಸೇರುತ್ತಿದ್ದ. ವರ್ಷಗಳಿಂದ ಬೆರಳಿಗೆ ಹತ್ತಿದ್ದ ಆ ಅಭ್ಯಾಸ ಕೆಲಸಕ್ಕೆ ಬರಲಿಲ್ಲ.

ಹೊಸದಾಗಿ ಸೇರಿಸಿದ್ದು ಏನೂ ಇರಲಿಲ್ಲ ಅಂತಲ್ಲ. ಚೆಂಡು ಹಿಡಿದವನಿಗೂ ಎದುರು ನಿಂತವನಿಗೂ ನಡುವಿನ ಒಬ್ಬರಿಗೊಬ್ಬರ ಸೆಣಸಾಟ ಕೊನಾಮಿಯವರ ಮುಖ್ಯ ಯೋಚನೆ ಆಗಿತ್ತು. ಡಿಫೆಂಡರ್ ಸುಮ್ಮನೆ ಮೈಮೇಲೆ ಬೀಳದೆ, ಎದುರು ನಿಂತು, ತಾಳ್ಮೆಯಿಂದ ದಾರಿ ಮುಚ್ಚಬೇಕು. ನಿಜವಾದ ಫುಟ್‌ಬಾಲ್ ಹಾಗೇ ಇರುತ್ತದೆ. ಈ ಯೋಚನೆ ನನಗೆ ಅಂದೂ ಇಷ್ಟ ಆಗಿತ್ತು, ಇಂದೂ ಇಷ್ಟ. ಒಳ್ಳೆಯ ಯೋಚನೆ ಅರ್ಧ ಬೆಂದ ಸ್ಥಿತಿಯಲ್ಲಿ ಹೊರಗೆ ಬಂತು, ಮತ್ತು ಆ ಕಾರಣಕ್ಕೇ ಯಾರಿಗೂ ಅದು ಕಾಣಲಿಲ್ಲ. ಸೊಟ್ಟ ಮುಖದ ಹಿಂದೆ ಒಂದು ಗಂಭೀರವಾದ ಫುಟ್‌ಬಾಲ್ ಗೇಮ್ ಅಡಗಿತ್ತು ಎಂದು ಆ ವಾರ ಯಾರಾದರೂ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಆನ್‌ಲೈನ್ ಫುಟ್‌ಬಾಲ್ ಯಾಕೆ ಇಷ್ಟು ಕಷ್ಟ ಅನ್ನುವುದನ್ನೂ ಹೇಳಬೇಕು. ಗೇಮ್ ಮಾಡುವವರಿಗೆ ನ್ಯಾಯ ಮಾಡಬೇಕಾದರೆ ಇದು ಗೊತ್ತಿರಬೇಕು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುವ ಗೇಮ್‌ನಲ್ಲಿ ಒಂದು ಫ್ರೇಮ್‌ಗೆ ಸುಮಾರು 17 ಮಿಲಿಸೆಕೆಂಡ್. ಫೈಬರ್ ಕೇಬಲ್ ಒಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಎದುರಾಳಿ 10,000 ಕಿಲೋಮೀಟರ್ ದೂರ ಇದ್ದಾನೆ ಅಂದುಕೊಳ್ಳಿ. ಸಂದೇಶ ಹೋಗಿ ಬರಲು ಕನಿಷ್ಠ 100 ಮಿಲಿಸೆಕೆಂಡ್ ಬೇಕು. ಅಂದರೆ ಆರು ಫ್ರೇಮ್. ಯಾವ ಕಂಪನಿಯೂ, ಎಷ್ಟೇ ದುಡ್ಡು ಸುರಿದರೂ, ಇದಕ್ಕಿಂತ ಕಡಿಮೆ ಮಾಡಲಾರದು. ದಾರಿಯಲ್ಲಿನ ರೌಟರ್, ಮನೆಯ ವೈಫೈ, ಟಿವಿಯ ತಡ ಇವೆಲ್ಲ ಅದರ ಮೇಲೆ ಸೇರುತ್ತವೆ.

ಗುಂಡು ಹಾರಿಸುವ ಗೇಮ್‌ಗಳಲ್ಲಿ ಈ ತಡವನ್ನು ಮುಚ್ಚಿಡಲು ದಾರಿ ಇದೆ. ನಮ್ಮ ಪಾತ್ರವನ್ನು ನಮ್ಮ ಯಂತ್ರ ತಕ್ಷಣ ಓಡಿಸುತ್ತದೆ, ಸರ್ವರ್ ಆಮೇಲೆ ಲೆಕ್ಕ ಸರಿಮಾಡುತ್ತದೆ. ಹೆಚ್ಚಿನ ಸಲ ನಮಗೆ ಗೊತ್ತಾಗುವುದಿಲ್ಲ. ಫುಟ್‌ಬಾಲ್‌ನಲ್ಲಿ 22 ಜನರ ನಡುವೆ ಚೆಂಡು ಒಂದೇ. ಎರಡೂ ಕಡೆಯವರು ಒಂದೇ ಗಳಿಗೆಯಲ್ಲಿ ಅದೇ ಚೆಂಡಿಗೆ ಕಾಲು ಹಾಕುತ್ತಾರೆ. ನನ್ನ ಯಂತ್ರದಲ್ಲಿ ನಾನು ಚೆಂಡು ಗೆದ್ದಿದ್ದೇನೆ, ಅವನ ಯಂತ್ರದಲ್ಲಿ ಅವನು ಗೆದ್ದಿದ್ದಾನೆ. ಊಹಿಸಿ ಮುಂದೆ ಓಡಿಸಿಬಿಟ್ಟರೆ ಆಮೇಲೆ ಒಬ್ಬರ ಕಾಲಿನಿಂದ ಚೆಂಡನ್ನು ಕಿತ್ತು ಇನ್ನೊಬ್ಬರ ಕಾಲಿಗೆ ಕೊಡಬೇಕಾಗುತ್ತದೆ. ಅದನ್ನು ಯಾರೂ ಸಹಿಸುವುದಿಲ್ಲ. ಹಾಗಾಗಿ ಎರಡೂ ಕಡೆ ಒಪ್ಪುವ ತನಕ ಬಟನ್‌ಗೆ ಉತ್ತರ ತಡವಾಗಿ ಸಿಗುತ್ತದೆ. ಆ ತಡವನ್ನು ಬೆರಳು ಗುರುತಿಸುತ್ತದೆ. ಕಣ್ಣಿಗಿಂತ ಬೇಗ ಗುರುತಿಸುತ್ತದೆ. ಇದು ಎಲ್ಲ ಫುಟ್‌ಬಾಲ್ ಗೇಮ್‌ಗಳ ಕಷ್ಟ, ಬರೀ ಒಂದರದ್ದಲ್ಲ. ಮೊದಲೇ ನಿಧಾನವಾದ ಪಾಸ್ ಮೇಲೆ ಈ ತಡವೂ ಸೇರಿದರೆ ಹೇಗಿರುತ್ತದೆ ಎಂದು ಯೋಚಿಸಿ.

ಇಷ್ಟು ಕಷ್ಟದ ಕಡೆಗೆ ಕಂಪನಿ ಯಾಕೆ ಹೊರಟಿತು? ಉತ್ತರ ದುಡ್ಡಿನಲ್ಲಿದೆ, ಅದರಲ್ಲಿ ಮುಚ್ಚುಮರೆ ಇಲ್ಲ. 2009ರಲ್ಲಿ ಫಿಫಾದಲ್ಲಿ ಅಲ್ಟಿಮೇಟ್ ಟೀಮ್ ಶುರುವಾಯಿತು. ಆಟಗಾರರ ಕಾರ್ಡ್‌ಗಳ ಪ್ಯಾಕ್ ಕೊಂಡು ತಂಡ ಕಟ್ಟುವ ಮೋಡ್. 2021ರ ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಈ ಬಗೆಯ ಮೋಡ್‌ಗಳಿಂದಲೇ ಇಎಗೆ 162 ಕೋಟಿ ಡಾಲರ್ ಬಂತು. ಗೇಮ್ ಮಾರಿದ ದುಡ್ಡು ಬೇರೆ. ಈ ಅಂಕಿ ಕಣ್ಣೆದುರು ಇರುವಾಗ, ಒಬ್ಬನೇ ಕೂತು ಕಾಸ್ಟೊಲೊ ಜೊತೆ ಲೀಗ್ ಆಡುವವನಿಂದ ಕಂಪನಿಗೆ ಏನು ಸಿಗುತ್ತದೆ? ಒಮ್ಮೆ ಡಿಸ್ಕ್ ಕೊಂಡ, ಮುಗಿಯಿತು.

ಗೇಮ್ ಪುಕ್ಕಟೆ ಆಗಿದ್ದರ ಬಗ್ಗೆ ನನಗೆ ತಕರಾರಿಲ್ಲ. ಕನ್ಸೋಲ್ ಗೇಮ್‌ನ ಪೂರ್ತಿ ಬೆಲೆ ಪ್ರತಿ ವರ್ಷ ಕೊಡಲಾಗದವರು ಜಗತ್ತಿನ ತುಂಬ ಇದ್ದಾರೆ. ಅವರ ಕೈಗೂ ಫುಟ್‌ಬಾಲ್ ಸಿಗಲಿ. ಕಾಸಿಗೆ ಕಾರ್ಡ್ ಮಾರುವುದು ನನಗೆ ಹಿಡಿಸುವುದಿಲ್ಲ, ಆದರೂ ಅದನ್ನು ಕೊಳ್ಳದೆ ಆಡುವ ದಾರಿ ಇದ್ದರೆ ಒಪ್ಪಬಹುದು. ಒಪ್ಪಲು ಆಗದ್ದು ದಿನಾಂಕ. ಹೊಸ ಎಂಜಿನ್, ಹೊಸ ವ್ಯಾಪಾರದ ರೀತಿ, ಹೊಸ ಕಂಟ್ರೋಲ್, ಎಲ್ಲ ಯಂತ್ರಗಳಿಗೂ ಒಂದೇ ನೆಲೆ. ಈ ನಾಲ್ಕನ್ನೂ ಒಟ್ಟಿಗೆ ಹೊತ್ತುಕೊಂಡು ಫಿಫಾ 22ರ ಹಿಂದಿನ ದಿನವೇ ಬಾಗಿಲು ತೆರೆದರು. ಫಿಫಾ 22 ಬಂದದ್ದು ಅಕ್ಟೋಬರ್ 1ಕ್ಕೆ. ಆಮೇಲಿನ ಘಟನೆಗಳನ್ನು ನೋಡಿದರೆ ಗೇಮ್‌ಗೆ ಇನ್ನೂ ಆರು ತಿಂಗಳು ಬೇಕಿತ್ತು ಅನ್ನುವುದು ಸ್ಪಷ್ಟ. ಆ ಆರು ತಿಂಗಳನ್ನು ಮೊದಲೇ ತಗೊಂಡಿದ್ದರೆ ನಾವು ಕಾಯುತ್ತಿದ್ದೆವು. ಆಗಲೇ ಎರಡು ವರ್ಷ ಕಾದಿದ್ದೆವಲ್ಲ.

ಡಿಸ್ಕ್ ಕಾಲದಲ್ಲಿ ಇದು ಆಗುತ್ತಿರಲಿಲ್ಲ. ಅಂದಿನವರು ಹೆಚ್ಚು ಒಳ್ಳೆಯವರಾಗಿದ್ದರು ಅಂತಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ. ಕಾರ್ಖಾನೆಯಲ್ಲಿ ಡಿಸ್ಕ್ ಒತ್ತಿದ ಮೇಲೆ ತಪ್ಪು ತಿದ್ದುವ ಪ್ಯಾಚ್ ಇಲ್ಲ. ಪೆಸ್ 5ರಲ್ಲಿ ಇದ್ದ ತಪ್ಪು ಪ್ಲೇಸ್ಟೇಷನ್ 2ರಲ್ಲಿ ಕೊನೆಯ ತನಕ ಹಾಗೇ ಇತ್ತು. ಆದ್ದರಿಂದ ಒತ್ತುವ ಮೊದಲು ಯಾರೋ ಒಬ್ಬರು ಕೂತು, ಇದು ಮುಗಿದಿದೆ ಎಂದು ಸಹಿ ಹಾಕಬೇಕಿತ್ತು. ಆನ್‌ಲೈನ್ ಗೇಮ್‌ನಲ್ಲಿ ಆ ಸಹಿ ಹಾಕುವ ಗಳಿಗೆ ಬರುವುದೇ ಇಲ್ಲ. ಮುಂದಿನ ಅಪ್‌ಡೇಟ್‌ನಲ್ಲಿ ಸರಿಮಾಡೋಣ ಎಂಬ ಮಾತು ಯಾವಾಗಲೂ ಕೈಗೆ ಸಿಗುವ ಹಾಗೆ ಇರುತ್ತದೆ. ಆ ಸಮಯದಲ್ಲಿ ಇದೊಂದೇ ಗೇಮ್ ಹೀಗೆ ಬಂದದ್ದಲ್ಲ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಎಂಥ ಸ್ಥಿತಿಯಲ್ಲಿ ಬಂತೆಂದರೆ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಅಂಗಡಿಯಿಂದಲೇ ತೆಗೆದುಹಾಕಿತ್ತು.

ಕೊನಾಮಿ ಮರುದಿನವೇ ಕ್ಷಮೆ ಕೇಳಿತು. ಪಾಸ್ ವೇಗ, ಡಿಫೆನ್ಸ್, ಮುಖದ ಭಾವ, ಆಟಗಾರರ ಚಲನೆ, ಚೆಂಡಿನ ವರ್ತನೆ ಎಲ್ಲದರ ಬಗ್ಗೆ ದೂರು ಬಂದಿದೆ ಎಂದು ಒಪ್ಪಿಕೊಂಡಿತು. ಅಕ್ಟೋಬರ್ 28ಕ್ಕೆ ಬರಬೇಕಿದ್ದ 0.9.1 ಅಪ್‌ಡೇಟ್ ನವೆಂಬರ್ 5ಕ್ಕೆ ಬಂತು. ನವೆಂಬರ್ 11ಕ್ಕೆ ಗೊತ್ತುಮಾಡಿದ್ದ 1.0 ಮುಂದಿನ ವರ್ಷದ ವಸಂತಕ್ಕೆ ಹೋಯಿತು. ಅದರ ಜೊತೆ ಬರಬೇಕಿದ್ದ ಆಟಗಾರರ ಪ್ಯಾಕ್‌ಗೆ ಮುಂಗಡ ಕೊಟ್ಟವರಿಗೆ ದುಡ್ಡು ವಾಪಸ್ ಕೊಡುತ್ತೇವೆ ಎಂದರು. ಕೊನೆಗೆ 2022ರ ಏಪ್ರಿಲ್ 14ಕ್ಕೆ 1.0.0 ಬಂತು. ತಂಡ ಕಟ್ಟುವ ಡ್ರೀಮ್ ಟೀಮ್ ಮೋಡ್ ಅದರ ಜೊತೆ ಬಂತು. ಪಾಸ್ ಚುರುಕಾಯಿತು. ಒತ್ತುವ ಡಿಫೆನ್ಸ್ ಮತ್ತೆ ಕೈಗೆ ಸಿಕ್ಕಿತು. ನಿಜ ಹೇಳಬೇಕೆಂದರೆ ಆ ಏಪ್ರಿಲ್‌ನ ಗೇಮ್ ಚೆನ್ನಾಗಿತ್ತು. ಸೆಪ್ಟೆಂಬರ್‌ನಲ್ಲಿ ಬಿಟ್ಟು ಹೋದವರಲ್ಲಿ ಎಷ್ಟು ಜನ ಅದನ್ನು ನೋಡಲು ಬಂದರು ಅನ್ನುವುದು ಬೇರೆ ಮಾತು.

ಆ ಕೆಲವು ತಿಂಗಳು ಸ್ಟೀಮ್‌ನಲ್ಲಿ ಬಂದ ಬೈಗುಳಗಳನ್ನು ನಾನು ತುಂಬ ಓದಿದೆ. ಸುಮ್ನೆ ಮಜಾಕ್ಕೆ ಬರೆದವು ಇದ್ದವು. ಆದರೆ ನಡುನಡುವೆ ಉದ್ದನೆಯ ಬರಹಗಳೂ ಇದ್ದವು. ವಿನ್ನಿಂಗ್ ಇಲೆವೆನ್ ಕಾಲದಿಂದ ಯಾವ ಯಾವ ಆವೃತ್ತಿ ಆಡಿದೆ, ಅಣ್ಣ ತಮ್ಮ ಸೇರಿ ಹೇಗೆ ಆಡುತ್ತಿದ್ದೆವು, ಈಗ ಏನಿಲ್ಲ ಎಂದು ವಿವರವಾಗಿ ಬರೆದವರು. ಪಾಸ್ ವೇಗ ಎಲ್ಲಿ ತಪ್ಪಿದೆ, ಡಿಫೆಂಡರ್ ತಿರುಗಲು ಯಾಕೆ ತಡ ಮಾಡುತ್ತಾನೆ ಎಂದು ಒಂದೊಂದನ್ನೂ ಬಿಡಿಸಿ ಹೇಳಿದವರು. ದ್ವೇಷ ಇದ್ದವರು ಅಷ್ಟು ಹೊತ್ತು ಕೂತು ಬರೆಯುವುದಿಲ್ಲ. ಮಾಡಿದ ಕೆಲಸಗಾರರ ಮೇಲೆ ವೈಯಕ್ತಿಕವಾಗಿ ಕೂಗಾಡಿದವರೂ ಇದ್ದರು, ಅದು ನನಗೆ ಹಿಡಿಸಲಿಲ್ಲ. ಒಬ್ಬ ಅನಿಮೇಟರ್ ಬಿಡುಗಡೆಯ ದಿನಾಂಕ ಗೊತ್ತು ಮಾಡುವುದಿಲ್ಲ. ಇನ್ನೂ ಮುಗಿಯದ ತನ್ನ ಕೆಲಸವನ್ನು ಇಡೀ ಲೋಕ ನೋಡಿ ನಗುವಾಗ ಅವನಿಗೆ ಆದ ನೋವು ನಮ್ಮದಕ್ಕಿಂತ ಜಾಸ್ತಿಯೇ ಇದ್ದಿರಬೇಕು.

ನನಗೆ ಇಂದಿಗೂ ಹೆಚ್ಚು ಕಾಡುವುದು ಮೊಬೈಲ್‌ನಲ್ಲಿ ಆದದ್ದು. ಪೆಸ್ 2021 ಮೊಬೈಲ್ ಗೇಮ್ 2022ರ ಜೂನ್‌ನಲ್ಲಿ ಅಪ್‌ಡೇಟ್ ಆಗಿ ಇ-ಫುಟ್‌ಬಾಲ್ 2022 ಆಯಿತು. ಬೇರೆ ಗೇಮ್ ಆಗಿ ಪಕ್ಕದಲ್ಲಿ ಬರಲಿಲ್ಲ, ಹಳೆಯದರ ಮೇಲೇ ಬಂದು ಕೂತಿತು. ಹಳೆಯದನ್ನೇ ಆಡುತ್ತೇನೆ ಎನ್ನುವ ಆಯ್ಕೆ ಉಳಿಯಲಿಲ್ಲ. ಡಿಸ್ಕ್ ಇದ್ದವನಿಗೆ ಹೊಸದು ಇಷ್ಟ ಆಗದಿದ್ದರೆ ಹಳೆಯದು ಕಪಾಟಿನಲ್ಲಿ ಇರುತ್ತದೆ. ಇಲ್ಲಿ ಹಾಗಿಲ್ಲ. ಆನ್‌ಲೈನ್ ಗೇಮ್ ಕೆಟ್ಟು ಬಂದರೆ ಹಿಂದೆ ಇದ್ದ ಒಳ್ಳೆಯದನ್ನೂ ಜೊತೆಗೆ ತೆಗೆದುಕೊಂಡು ಹೋಗಬಲ್ಲದು. ಶುರುವಿನಲ್ಲಿ ಕೇಳಿದ ಪ್ರಶ್ನೆಗೆ, ಪುಕ್ಕಟೆ ಸಿಕ್ಕಿದ್ದಕ್ಕೆ ಯಾಕೆ ಸಿಟ್ಟು ಅನ್ನುವುದಕ್ಕೆ, ನನ್ನ ಉತ್ತರ ಇಷ್ಟೇ: ದುಡ್ಡು ಕೊಡದಿದ್ದರೂ ನಾವು ಕಳೆದುಕೊಂಡದ್ದು ಇತ್ತು.

ಅದಕ್ಕೇ ಪಿಸಿಯಲ್ಲಿ ಅಭಿಮಾನಿಗಳು ಹಳೆಯ ಪೆಸ್‌ಗಳನ್ನು ಬಿಡಲಿಲ್ಲ. ಪೆಸ್ 6, ಪೆಸ್ 2013, ಪೆಸ್ 2017, ಪೆಸ್ 2021 ಇವಕ್ಕೆ ಹೊಸ ಸೀಸನ್‌ನ ಆಟಗಾರರು, ಜೆರ್ಸಿ, ಸ್ಟೇಡಿಯಂ ಸೇರಿಸಿದ ಪ್ಯಾಚ್‌ಗಳು ಬರುತ್ತಲೇ ಬಂದವು. ಪೆಸ್ 6 ಬಂದಾಗ ಇನ್ನೂ ಹುಟ್ಟಿರದ ಆಟಗಾರರು ಅದರ ಒಳಗೆ ಆಡುತ್ತಾರೆ. ಆಪ್ಷನ್ ಫೈಲ್ ಮಾಡುತ್ತಿದ್ದ ಅದೇ ಬಗೆಯ ಜನ, ಅದೇ ತಾಳ್ಮೆ. ಕಂಪನಿಯಿಂದ ಒಂದು ಪೈಸೆ ಬರುವುದಿಲ್ಲ. ಈ ಜನರಿಗೆ ಹೊಸ ಗೇಮಿನಲ್ಲಿ ಒಂದು ಬಾಗಿಲು ಇಡದೇ ಹೋದದ್ದು ಸೊಟ್ಟ ಮುಖಗಳಿಗಿಂತ ದೊಡ್ಡ ತಪ್ಪು ಎಂದು ನನಗೆ ಅನ್ನಿಸುತ್ತದೆ.

ಇ-ಫುಟ್‌ಬಾಲ್ ಸಾಯಲಿಲ್ಲ. ಸತ್ತೇ ಹೋಯಿತು ಎಂದು ಬರೆದವರು ಬಹಳ. ವರ್ಷ ವರ್ಷ ಸುಧಾರಿಸುತ್ತಾ ಬಂತು. ಅತಿ ಕೆಟ್ಟ ರೇಟಿಂಗ್ ಎಂಬ ಹಣೆಪಟ್ಟಿಯೂ ಬೇರೆಯವರ ಪಾಲಾಯಿತು, 2023ರ ಆಗಸ್ಟ್‌ನಲ್ಲಿ ಅದು ಓವರ್‌ವಾಚ್ 2 ಎಂಬ ಗೇಮ್‌ಗೆ ಅಂಟಿತು. 2022ರ ಮೇನಲ್ಲಿ ಇಎ ಮತ್ತು ಫಿಫಾ ಸಂಸ್ಥೆ ಬೇರೆಯಾಗುವುದಾಗಿ ಹೇಳಿದವು, ಮುಂದಿನ ವರ್ಷದಿಂದ ಆ ಗೇಮ್ ಬೇರೆ ಹೆಸರಿನಲ್ಲಿ ಬಂತು. 2024ರಲ್ಲಿ ಫಿಫಾ ಸಂಸ್ಥೆ ಕೊನಾಮಿಯ ಜೊತೆ ಕೈಜೋಡಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ರಿಯಾದ್‌ನಲ್ಲಿ ಫಿಫಾ-ಇ ವಿಶ್ವಕಪ್, ಅಂದರೆ ಆ ಸಂಸ್ಥೆಯ ವಿಡಿಯೋ ಗೇಮ್ ವಿಶ್ವಕಪ್, ಇ-ಫುಟ್‌ಬಾಲ್ ಮೇಲೆ ನಡೆಯಿತು. ಲಾಂಛನಕ್ಕೂ ಗತಿಯಿಲ್ಲದ ಸರಣಿ ಎಂದು ಇಪ್ಪತ್ತು ವರ್ಷ ಕೇಳಿಸಿಕೊಂಡವರಿಗೆ ಇದು ಸಣ್ಣ ವಿಷಯ ಅಲ್ಲ. ನನಗೆ ಖುಷಿಯಾಯಿತು. ಇಂದು ಚೆಂಡು ಹಿಡಿದವನ ಎದುರು ಡಿಫೆಂಡರ್ ನಿಂತು ದಾರಿ ಮುಚ್ಚುವಾಗ, ಮೊದಲ ದಿನದ ಆ ಯೋಚನೆ ಸರಿಯಾಗಿಯೇ ಇತ್ತು ಎಂದು ಗೊತ್ತಾಗುತ್ತದೆ.

ಆದರೂ ಮಾಸ್ಟರ್ ಲೀಗ್ ಬಗ್ಗೆ ನನ್ನ ಬೇಡಿಕೆ ಹಾಗೇ ಇದೆ. 0.9ರಲ್ಲಿ ಅದು ಇರಲಿಲ್ಲ, 1.0 ಬಂದಾಗಲೂ ಇರಲಿಲ್ಲ. ನನಗೆ ಬೇಕಾದ್ದು ಸರ್ವರ್ ಆಫ್ ಆದರೂ ನಡೆಯುವ ಲೀಗ್. ಒಬ್ಬರೇ ಕೂತು ಆಡುವುದು, ನಮ್ಮ ಯಂತ್ರದಲ್ಲೇ ಸೇವ್ ಆಗುವುದು, ಎಡಿಟ್ ಮಾಡಲು ಆಗುವುದು. ಅದನ್ನು ಪುಕ್ಕಟೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಬೆಲೆ ಇಡಲಿ, ಕೊಡುತ್ತೇವೆ. ಮತ್ತು ಅದಕ್ಕೆ ದಿನಾಂಕ ಹೇಳುವ ಅವಸರ ಬೇಡ. ಪಾಸ್, ಡಿಫೆನ್ಸ್, ಕಾಸ್ಟೊಲೊನ ಮೊದಲ ಟಚ್ ಎಲ್ಲ ಸರಿಯಾದ ಮೇಲೆಯೇ ತರಲಿ.